ದವಡೆ ಶಸ್ತ್ರಚಿಕಿತ್ಸೆಯ ಗಣಕ ಯೋಜನೆ: ಅಳತೆಯ ಒಮ್ಮತ ಮೂಡಿಬಂದ ಬಗೆ

ವಕ್ರ ದವಡೆಯನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಯ ಚರಿತ್ರೆಯನ್ನು ಬಹುಮಟ್ಟಿಗೆ ಮೂಳೆ ಕತ್ತರಿಸುವ ವಿಧಾನಗಳ ಚರಿತ್ರೆಯಾಗಿಯೇ ಬರೆಯಲಾಗಿದೆ. 1849ರಲ್ಲಿ ಅಮೆರಿಕದ ಸೈಮನ್ ಹಲ್ಲಿಹೆನ್, ಸುಟ್ಟಗಾಯದ ಕಲೆಯಿಂದ ವಿಕಾರಗೊಂಡಿದ್ದ ಕೆಳದವಡೆಯನ್ನು ಸರಿಪಡಿಸಿದರು. 1957ರಲ್ಲಿ ಟ್ರೌನರ್ ಮತ್ತು ಓಬ್‌ವೆಗೇಸರ್ ಕೆಳದವಡೆಯನ್ನು ಉದ್ದಕ್ಕೆ ಸೀಳಿ ಸರಿಸುವ ಕ್ರಮವನ್ನು ವಿವರಿಸಿದರು. ಕತ್ತರಿಸಿದ ಮೇಲ್ದವಡೆಗೆ ರಕ್ತ ಪೂರೈಕೆ ಉಳಿಯುತ್ತದೆಂದು ವಿಲಿಯಂ ಬೆಲ್ ಮಂಗಗಳ ಮೇಲಿನ ಪ್ರಯೋಗಗಳಿಂದ ತೋರಿಸಿಕೊಟ್ಟರು. ದವಡೆಯನ್ನು ಹೇಗೆ ಕತ್ತರಿಸಬೇಕೆಂಬುದು ಹೀಗೆ ನೆಲೆಗೊಂಡರೂ, ಎಲ್ಲಿಗೆ ಎಷ್ಟು ಸರಿಸಬೇಕೆಂಬುದಕ್ಕೆ ಎಲ್ಲರೂ ಒಪ್ಪುವ ಕ್ರಮ ಬಹುಕಾಲ ಸಿಗಲಿಲ್ಲ.

1931ರಲ್ಲಿ ಬ್ರಾಡ್‌ಬೆಂಟ್ ಮತ್ತು ಹಾಫ್ರಾತ್ ಪ್ರತ್ಯೇಕವಾಗಿ ರೂಪಿಸಿದ ತಲೆಯ ಎಕ್ಸ್‌ರೇ ವಿಧಾನ ಮೊದಲ ಆಧಾರವಾಯಿತು. ಅದು ಮುಖದ ಪಾರ್ಶ್ವನೋಟವನ್ನಷ್ಟೇ ಚೆನ್ನಾಗಿ ತೋರಿಸುತ್ತಿತ್ತು. ಎಡಬಲದ ಓರೆ ಅದರಲ್ಲಿ ಮರೆಯಾಗುತ್ತಿತ್ತು. ಉಳಿದ ಕೆಲಸವೆಲ್ಲ ಹಲ್ಲುಗಳ ಪ್ಲಾಸ್ಟರ್ ಅಚ್ಚಿನ ಮೇಲೆ. ಫೇಸ್‌ಬೋ ಎಂಬ, ಮೇಲ್ದವಡೆಯ ಸ್ಥಾನವನ್ನು ಅಳೆಯುವ ಚೌಕಟ್ಟು ಹಿಡಿದು, ಅಚ್ಚನ್ನು ದವಡೆಗಳ ಚಲನೆಯನ್ನು ಅನುಕರಿಸುವ ಆರ್ಟಿಕ್ಯುಲೇಟರ್‌ಗೆ ಕೂರಿಸಿ, ಗರಗಸದಿಂದ ಕತ್ತರಿಸಿ, ಮೇಣದಿಂದ ಜೋಡಿಸಿ, ಆ ಸ್ಥಾನದಲ್ಲಿ ಹಲ್ಲುಸಾಲುಗಳ ನಡುವೆ ಕೂರುವ ಅಕ್ರಿಲಿಕ್ ಸ್ಪ್ಲಿಂಟ್ ತಯಾರಿಸುತ್ತಿದ್ದರು. ಎರಡೂ ದವಡೆಗಳನ್ನು ಸರಿಸುವಾಗ, ಮೊದಲು ಕತ್ತರಿಸಿದ ದವಡೆಯನ್ನು ಇನ್ನೂ ಕತ್ತರಿಸದ ದವಡೆಯ ಆಧಾರದಲ್ಲಿ ನಿಲ್ಲಿಸುವುದು ಈ ಸ್ಪ್ಲಿಂಟೇ.

ದೋಷ ಹುಟ್ಟುತ್ತಿದ್ದ ಜಾಗ ಗಮನಾರ್ಹ: ಅಚ್ಚನ್ನು ಕೂರಿಸುವ ಆಧಾರರೇಖೆ. ಕಿವಿರಂಧ್ರದ ಮೇಲಂಚನ್ನೂ ಕಣ್ಣುಗೂಡಿನ ಕೆಳಅಂಚನ್ನೂ ಸೇರಿಸುವ ಫ್ರಾಂಕ್‌ಫರ್ಟ್ ರೇಖೆಯನ್ನು ಮಾನವಶಾಸ್ತ್ರಜ್ಞರು 1884ರಲ್ಲೇ ಒಪ್ಪಿಕೊಂಡಿದ್ದರು. ಆದರೆ ಅವರ ಮುಂದಿದ್ದದ್ದು ತಲೆಬುರುಡೆಗಳು. ಜೀವಂತ ಮನುಷ್ಯ ಸಹಜವಾಗಿ ನಿಂತು ಎದುರಿಗೆ ನೋಡುವಾಗ ಆ ರೇಖೆ ಎಲ್ಲರಲ್ಲೂ ನೆಲಕ್ಕೆ ಸಮಾಂತರವಾಗಿರುವುದಿಲ್ಲ. ಅಚ್ಚು ಓರೆಯಾಗಿ ಕೂತರೆ, ನೇರ ಮುಂದಕ್ಕೆಂದು ಲೆಕ್ಕ ಹಾಕಿದ ಚಲನೆ ರೋಗಿಯ ಮುಖದಲ್ಲಿ ಮೇಲಕ್ಕೋ ಕೆಳಕ್ಕೋ ವಾಲುತ್ತದೆ.

1998ರಲ್ಲಿ ಇಟಲಿಯಿಂದ ವರದಿಯಾದ ಕೋನ್ ಬೀಮ್ ಸಿ.ಟಿ. ಮತ್ತು ಅದಕ್ಕೂ ಮೊದಲೇ ಬಂದಿದ್ದ ಮೂರು ಆಯಾಮದ ಮುದ್ರಣ ಸೇರಿ ಈ ಕೆಲಸವನ್ನು ಗಣಕದ ಪರದೆಗೆ ತಂದವು. ಹಲ್ಲಿನ ತಂತಿಗಳು ಸಿ.ಟಿ. ಚಿತ್ರದಲ್ಲಿ ಗೆರೆಗಳನ್ನೆಬ್ಬಿಸಿ ಹಲ್ಲಿನ ಮೇಲ್ಮೈಯನ್ನು ಕೆಡಿಸುತ್ತಿದ್ದುದರಿಂದ, ಹೂಸ್ಟನ್‌ನ ಗಟೇನೊ ಮತ್ತು ಶಿಯಾ ಹಲ್ಲಿನ ಅಚ್ಚನ್ನು ಬೇರೆಯಾಗಿ ಸ್ಕ್ಯಾನ್ ಮಾಡಿ ತಲೆಬುರುಡೆಯ ಚಿತ್ರಕ್ಕೆ ಕೂಡಿಸಿದರು. ಬೆಲ್ಜಿಯಂನ ಸ್ವೆನೆನ್ 2009ರಲ್ಲಿ ಇದಕ್ಕೇ ಮೂರು ಸ್ಕ್ಯಾನ್‌ಗಳ ಕ್ರಮವನ್ನು ಮುಂದಿಟ್ಟರು. ತಲೆಯ ಸಹಜ ಭಂಗಿಯನ್ನು ದಾಖಲಿಸಿ ಚಿತ್ರವನ್ನು ಅದಕ್ಕೆ ತಿರುಗಿಸಿಕೊಳ್ಳುವುದು ಹೂಸ್ಟನ್ ಕ್ರಮದ ಅಂಗವಾಯಿತು. ಆಕರ್ಷಕ ಚಿತ್ರಗಳಿಗಿಂತ ಈ ಹೆಜ್ಜೆಯೇ ದೊಡ್ಡದೆಂದು ನಾನು ಭಾವಿಸುತ್ತೇನೆ.

ಫಲಿತಾಂಶಕ್ಕೂ ಮಾನದಂಡ ಬೇಕಿತ್ತು. ಯೋಜನೆಗೂ ಶಸ್ತ್ರಚಿಕಿತ್ಸೆಯ ನಂತರದ ಸ್ಥಿತಿಗೂ 2 ಮಿ.ಮೀ. ಮತ್ತು 4 ಡಿಗ್ರಿಯೊಳಗಿನ ವ್ಯತ್ಯಾಸ ಚಿಕಿತ್ಸೆಯ ದೃಷ್ಟಿಯಿಂದ ಗಣ್ಯವಲ್ಲವೆಂಬ ಮಿತಿ ಬಳಕೆಗೆ ಬಂತು. 2013ರಲ್ಲಿ ಮೂರು ಕೇಂದ್ರಗಳ 65 ರೋಗಿಗಳ ಅಧ್ಯಯನ ಪ್ರಕಟವಾದಾಗ ಎರಡೂ ದವಡೆಗಳ ಫಲಿತಾಂಶ ಈ ಮಿತಿಯೊಳಗೇ ಇತ್ತು. ಗದ್ದದ ಮೂಳೆಗೆ ಮುದ್ರಿತ ಮಾರ್ಗದರ್ಶಿ ಬಳಸಿದ ಕಡೆ ನಿಖರತೆ ಹೆಚ್ಚಿತ್ತು. ಯೋಜನೆ ಮಾತ್ರವಲ್ಲ, ಅದನ್ನು ಬಾಯಿಯವರೆಗೆ ಒಯ್ಯುವ ಸಾಧನವೂ ಗಣಕದಿಂದಲೇ ಬರಬೇಕೆಂಬುದಕ್ಕೆ ಇದು ಸಾಕ್ಷಿ. 2015ರಲ್ಲಿ ಹೂಸ್ಟನ್ ತಂಡ ಇಡೀ ಕ್ರಮವನ್ನು ಹಂತ ಹಂತವಾಗಿ ಎರಡು ಭಾಗಗಳಲ್ಲಿ ಪ್ರಕಟಿಸಿತು.

ಕೆಳದವಡೆಯ ಕೀಲಿನ ತುದಿಯ ಸ್ಥಾನ ಮಾತ್ರ ಇಂದಿಗೂ ದುರ್ಬಲ ಕೊಂಡಿ. ಆ ಸ್ಥಾನವನ್ನು ಗುರುತಿಸಲು ರೋಗಿ ಎಚ್ಚರದಲ್ಲಿದ್ದಾಗ ದಾಖಲಿಸಿದ ಕಚ್ಚು, ಅರಿವಳಿಕೆಯಲ್ಲಿ ಸ್ನಾಯುಗಳು ಸಡಿಲಗೊಂಡಾಗ ಹಾಗೆಯೇ ಉಳಿಯುವುದಿಲ್ಲ. ಆದ್ದರಿಂದ ತಮ್ಮ ಫಲಿತಾಂಶ ಪ್ರಕಟಿಸುವ ಶಸ್ತ್ರವೈದ್ಯರು ತಲೆಯ ಭಂಗಿ, ಕಚ್ಚಿನ ದಾಖಲೆ, ದೋಷ ಲೆಕ್ಕ ಹಾಕಿದ ವಿಧಾನ ಈ ಮೂರನ್ನೂ ತಪ್ಪದೆ ಬರೆಯಬೇಕು. ಇಲ್ಲದಿದ್ದರೆ ಒಂದು ಆಸ್ಪತ್ರೆಯ ಅಂಕಿಗಳನ್ನು ಇನ್ನೊಂದರ ಜೊತೆ ಹೋಲಿಸಲಾಗದು.