ಆಣೆಯಿಂದ ಸಂಸ್ಕಾರಕ್ಕೆ

ಕಥೋಲಿಕ ಕ್ರೈಸ್ತರ ಏಳು ಪವಿತ್ರ ಕರ್ಮಗಳನ್ನು ಕನ್ನಡದಲ್ಲಿ ‘ಸಂಸ್ಕಾರ’ಗಳೆಂದು ಕರೆಯುವುದು ರೂಢಿ. ಹೆಸರು ಕೇಳಿದೊಡನೆ ನಮಗೆ ಗೃಹ್ಯಸೂತ್ರಗಳ ನಾಮಕರಣ, ಉಪನಯನಗಳು ನೆನಪಾಗುತ್ತವೆ. ಹೋಲಿಕೆ ಇಲ್ಲದೆ ಇಲ್ಲ. ಆದರೆ ಮೂಲಪದದ ದಾರಿಯೇ ಬೇರೆ. ಸಂಸ್ಕಾರವೆಂದರೆ ತಿದ್ದಿ ಹಸನುಗೊಳಿಸುವುದು. ಲ್ಯಾಟಿನ್ನಿನ ‘ಸಾಕ್ರಮೆಂತುಂ’ ಎಂಬುದಾದರೋ ರೋಮಿನ ಸೈನಿಕನು ದಂಡಿಗೆ ಸೇರುವಾಗ ಇಡುತ್ತಿದ್ದ ಆಣೆ. ನ್ಯಾಯಸ್ಥಾನದಲ್ಲಿ ವಾದಿ ಪ್ರತಿವಾದಿಗಳು ಪಣವಾಗಿ ಒಡ್ಡುತ್ತಿದ್ದ ಹಣಕ್ಕೂ ಅದೇ ಹೆಸರು! ಕ್ರಿ.ಶ. 200ರ ಸುಮಾರಿನಲ್ಲಿ ಕಾರ್ತೇಜಿನ ತೆರ್ತುಲ್ಲಿಯನನು ಸ್ನಾನದೀಕ್ಷೆಯನ್ನು ಸೈನಿಕನ ಆಣೆಗೆ ಹೋಲಿಸಿದನು. ಗ್ರೀಕರು ‘ಮಿಸ್ತೇರಿಯೊನ್’, ಅಂದರೆ ಗೂಢತತ್ತ್ವ, ಎಂದುದನ್ನು ಲ್ಯಾಟಿನರು ಹೀಗೆ ದಂಡಿನ ಮಾತಿನಿಂದ ಹೇಳಿದರು.

ಏಳೆಂಬ ಎಣಿಕೆ ನೆಲೆನಿಂತುದು ತಡವಾಗಿ. ಹನ್ನೆರಡನೆಯ ಶತಮಾನದಲ್ಲಿ ಪ್ಯಾರಿಸಿನ ಪೀಟರ್ ಲೊಂಬಾರ್ಡನು ಸ್ನಾನದೀಕ್ಷೆ, ದೃಢೀಕರಣ, ಪರಮಪ್ರಸಾದ, ಪಾಪನಿವೇದನೆ, ರೋಗಿಗೆ ತೈಲಲೇಪನ, ಯಾಜಕದೀಕ್ಷೆ, ವಿವಾಹ ಎಂದು ಎಣಿಸಿದನು. 1439ರಲ್ಲಿ ಫ್ಲಾರೆನ್ಸಿನ ಮಹಾಸಭೆಯೂ 1547ರಲ್ಲಿ ತ್ರೆಂತಿನ ಮಹಾಸಭೆಯೂ ಅದನ್ನೇ ಸ್ಥಿರಪಡಿಸಿದವು.

ಇವುಗಳಲ್ಲಿ ವಿವಾಹದ ಕಥೆ ವಿಚಿತ್ರವಾದುದು. ಇದನ್ನು ನೀಡುವವನು ಪಾದ್ರಿಯಲ್ಲ. ಲ್ಯಾಟಿನ್ ಸಂಪ್ರದಾಯದಂತೆ ವಧೂವರರೇ ಒಬ್ಬರಿಗೊಬ್ಬರು ನೀಡಿಕೊಳ್ಳುತ್ತಾರೆ. ಮನಸಾರೆ ಒಪ್ಪಿ ಮಾತು ಕೊಟ್ಟರೆ ಮದುವೆ ಆದಂತೆಯೇ ಎಂದು ಮಧ್ಯಯುಗದ ಧರ್ಮಶಾಸ್ತ್ರ ಹೇಳಿತು. ನಮ್ಮ ಗಾಂಧರ್ವವಿವಾಹದಂತೆಯೇ ಅನ್ನಬಹುದು. ತೊಡಕು ಹುಟ್ಟಿದುದೂ ಅಲ್ಲಿಯೇ. ಹೊಲದ ಬದುವಿನಲ್ಲಿ ಮಾತು ಕೊಟ್ಟ ಗಂಡಸು ಮರುವರ್ಷ ಇಲ್ಲವೆಂದು ಬೇರೊಬ್ಬಳನ್ನು ವರಿಸಿದರೆ ಮೊದಲಿನವಳ ಗತಿಯೇನು? ಶಕುಂತಲೆಗಾದರೂ ಕಡೆಗೆ ಉಂಗುರ ಸಿಕ್ಕಿತು. ಈಕೆಗೆ ಸಾಕ್ಷಿ ಎಲ್ಲಿಂದ ಬರಬೇಕು?

ಅದಕ್ಕಾಗಿ ತ್ರೆಂತಿನ ಸಭೆ 1563ರಲ್ಲಿ ಕಟ್ಟಳೆ ಮಾಡಿತು: ಊರ ಪಾದ್ರಿಯ ಮುಂದೆ, ಇಬ್ಬರು ಮೂವರು ಸಾಕ್ಷಿಗಳೆದುರಿಗೆ ಆಗದ ಮದುವೆ ಮದುವೆಯೇ ಅಲ್ಲ, ಹೆಸರು, ದಿನ, ಸ್ಥಳಗಳನ್ನು ಪಾದ್ರಿ ಪುಸ್ತಕದಲ್ಲಿ ಬರೆದಿಡತಕ್ಕದ್ದು. ತಂದೆತಾಯಿಗಳ ಒಪ್ಪಿಗೆಯೂ ಕಡ್ಡಾಯವಾಗಲಿ ಎಂದು ಫ್ರಾನ್ಸಿನ ರಾಜನ ಕಡೆಯವರು ಒತ್ತಾಯಿಸಿದರು. ಸಭೆ ಒಪ್ಪಲಿಲ್ಲ. ಹಿರಿಯರ ಮಾತು ಮೀರುವುದು ತಪ್ಪು, ಆದರೆ ಅದರಿಂದ ಮದುವೆ ಮುರಿಯದು ಎಂದಿತು. ಅರಸರ ಮುಂದೆ ಇಷ್ಟನ್ನು ಹೇಳಿದುದು ಸಣ್ಣ ಮಾತೇನಲ್ಲ.

ಕಟ್ಟಳೆಯನ್ನು ಸಾರಿದ ಸೀಮೆಗಳಲ್ಲಿ ಮಾತ್ರ ಅದು ಸಲ್ಲುತ್ತಿತ್ತು. ಇಂಗ್ಲೆಂಡಿನಲ್ಲಿ ಸಾರಲೇ ಇಲ್ಲ. 1907ರಲ್ಲಿ ರೋಮಿನಿಂದ ಹೊರಟ ಆಜ್ಞೆ ಮರುವರ್ಷ ಜಾರಿಗೆ ಬಂದ ಮೇಲೆಯೇ ಅಲ್ಲಿಯ ಕಥೋಲಿಕರಿಗೂ ಪಾದ್ರಿ ಮತ್ತು ಇಬ್ಬರು ಸಾಕ್ಷಿಗಳು ಅನಿವಾರ್ಯವಾದರು.