ಫೋಟೋ ಹುಡುಗ ಉಳಿಸಿಕೊಟ್ಟ ನಮ್ಮೂರ ಚರಿತ್ರೆ



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಒಂದು ಸ್ಮರಣ ಸಂಚಿಕೆ ತರಬೇಕೆಂದು ಆಡಳಿತ ಮಂಡಳಿ ತೀರ್ಮಾನಿಸಿದಾಗ, ಹಳೆಯ ಫೋಟೋಗಳನ್ನು ಒಟ್ಟುಮಾಡುವ ಕೆಲಸ ನಮ್ಮ ಪಾಲಿಗೆ ಬಂತು. ನಾವು ಎಸ್.ಎಸ್.ಎಲ್.ಸಿ. ಮುಗಿಸಿ ಬೇಸಾಯಕ್ಕೆ ಇಳಿದವರು. ಪೆನ್ನು ಹಿಡಿದು ಇತಿಹಾಸ ಬರೆಯುವಷ್ಟು ವಿದ್ಯಾವಂತರಲ್ಲ. ತಪ್ಪು ಒಪ್ಪುಗಳನ್ನು ಮನ್ನಿಸಿ ಓದಬೇಕಾಗಿ ಮೊದಲೇ ಬೇಡಿಕೊಳ್ಳುತ್ತೇವೆ.

ಸಂಘದ ಬೀರು ತೆಗೆದು ನೋಡಿದೆವು. 2000ನೇ ಇಸವಿಯ ಉದ್ಘಾಟನೆಯ ಆಲ್ಬಂ ಸಿಕ್ಕಿತು. ಪಟ್ಟಣದಿಂದ ಕರೆಸಿದ್ದ ಫೋಟೋಗ್ರಾಫರ್ ತೆಗೆದದ್ದು. ತುಂಬಾ ಹಾರಗಳು, ಶಾಲುಗಳು, ದೀಪ ಹಚ್ಚುವ ಕೈಗಳು, ವೇದಿಕೆಯ ಮೇಲೆ ಸಾಲಾಗಿ ಕೂತ ಗಣ್ಯರು. ಹುಡುಕಿ ಹುಡುಕಿ ನೋಡಿದರೂ ಹಾಲು ಹಾಕಿದ ಒಬ್ಬರ ಮುಖವೂ ಅದರಲ್ಲಿಲ್ಲ. ಒಂದು ಹಾಲಿನ ಕ್ಯಾನು ಕೂಡ ಇಲ್ಲ! ಬಣ್ಣವೂ ಮಾಸಿ ಎಲ್ಲರ ಮುಖ ಕೆಂಪಗೆ ತಿರುಗಿದೆ. ಇದನ್ನೇ ಅಚ್ಚು ಹಾಕಿಸಿದರೆ ನಮ್ಮ ಸಂಘ ಹಾಲಿನದೋ ಹಾರದ್ದೋ ಎಂದು ಓದುವವರು ಕೇಳಿಯಾರು.

ಆಗ ನೆನಪಾದದ್ದು ನಮ್ಮ ಫೋಟೋ ಹುಡುಗ. ಈಗ ಅವನೂ ನಮ್ಮ ಹಾಗೆ ನಲವತ್ತು ದಾಟಿದ ಸಂಸಾರಸ್ಥ, ಸಂಘದ ಸದಸ್ಯ. ಹೆಸರು ಹಾಕಬೇಡಿ ಎಂದು ಅವನೇ ಹೇಳಿರುವುದರಿಂದ ಇಲ್ಲಿ ಹೆಸರು ಬರೆದಿಲ್ಲ. ಊರಿನವರಿಗೆ ಯಾರೆಂದು ಹೇಳಬೇಕಾದ್ದೂ ಇಲ್ಲ.

ಫೋಟೋ ಎಂಬ ವಿದ್ಯೆ

ಈ ವಿಷಯ ಬರೆಯುವ ಮೊದಲು ನಮ್ಮ ಹೈಸ್ಕೂಲಿನ ನಿವೃತ್ತ ಮೇಷ್ಟ್ರ ಹತ್ತಿರ ಹೋಗಿ ಕೂತು ಕೆಲವು ಸಂಗತಿಗಳನ್ನು ಕೇಳಿ ತಿಳಿದುಕೊಂಡೆವು. ಫೋಟೋ ತೆಗೆಯುವ ವಿದ್ಯೆ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ಅದಾಗಿ ಇಪ್ಪತ್ತು ವರ್ಷ ಕಳೆಯುವುದರೊಳಗೆ ಅದು ನಮ್ಮ ಹಂಪೆಗೆ ಬಂದಿತ್ತು. ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬುವರು 1856ರಲ್ಲಿ ಹಂಪೆಯ ಗುಡಿಗಳನ್ನು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದರು. ಅವರ ಉದ್ಯೋಗ ಸಿಪಾಯಿಗಿರಿ, ಫೋಟೋ ಬರೀ ಹವ್ಯಾಸ.

ಆ ಹವ್ಯಾಸದಿಂದ ಆದ ಉಪಕಾರ ನೋಡಿ. 2017ರಿಂದ ಬಂದ ಐವತ್ತು ರೂಪಾಯಿ ನೋಟಿನ ಹಿಂದೆ ಹಂಪೆಯ ಕಲ್ಲಿನ ರಥವಿದೆ, ಎಲ್ಲರೂ ನೋಡಿದ್ದೇವೆ. ಆ ರಥಕ್ಕೆ ಮೇಲೆ ಗೋಪುರವಿಲ್ಲ. ಆದರೆ 1856ರ ಫೋಟೋದಲ್ಲಿ ಇಟ್ಟಿಗೆಯ ಗೋಪುರ ನಿಂತಿದೆ! ಆಮೇಲೆ ಅದು ಹೋಯಿತು. ಆ ಸಿಪಾಯಿ ಅಂದು ಕ್ಯಾಮೆರಾ ಹೊತ್ತು ತರದೇ ಇದ್ದಿದ್ದರೆ ರಥ ಹೇಗಿತ್ತೆಂದು ಕಣ್ಣಾರೆ ತೋರಿಸುವ ಸಾಕ್ಷಿ ನಮಗೆ ಎಲ್ಲಿಂದ ಸಿಗುತ್ತಿತ್ತು? 1980ರ ದಶಕದಲ್ಲಿ ಆಸ್ಟ್ರೇಲಿಯಾದ ಫೋಟೋಗ್ರಾಫರ್ ಜಾನ್ ಗೋಲಿಂಗ್ಸ್ ಅವರು ಅವೇ ಜಾಗಗಳಲ್ಲಿ ನಿಂತು ಮತ್ತೆ ಫೋಟೋ ತೆಗೆದರು. ಎರಡನ್ನೂ ಜೊತೆಗಿಟ್ಟು ನೋಡಿದರೆ ಏನು ಉಳಿಯಿತು, ಏನು ಹೋಯಿತು ಎಂಬುದು ಚೆನ್ನಾಗಿ ತಿಳಿಯುತ್ತದೆ.

ಮೊದಮೊದಲು ಈ ವಿದ್ಯೆ ಶ್ರೀಮಂತರದ್ದು, ದೊರೆಗಳದ್ದು. ಅಮೆರಿಕದ ಕೊಡಕ್ ಕಂಪನಿ 1900ರಲ್ಲಿ ಬ್ರೌನಿ ಎಂಬ ಡಬ್ಬಿ ಕ್ಯಾಮೆರಾವನ್ನು ಒಂದು ಡಾಲರಿಗೆ ಮಾರಿದ ಮೇಲೆ ಹುಡುಗರ ಕೈಗೂ ಕ್ಯಾಮೆರಾ ಬಂತು. ನಮ್ಮ ದೇಶದಲ್ಲಿ ಆಗ್ಫಾ ಕ್ಲಿಕ್ ಥ್ರೀ ಕ್ಯಾಮೆರಾ ಬಹಳ ಮನೆಗಳಲ್ಲಿತ್ತು. ಒಂದು ರೋಲಿಗೆ ಹನ್ನೆರಡೇ ಫೋಟೋ.

ಇನ್ನೊಂದು ಸ್ವಾರಸ್ಯವನ್ನೂ ಮೇಷ್ಟ್ರು ಹೇಳಿದರು. ಫಿಲಂ ಮೇಲೆ ಬಳಿಯುವುದು ಬೆಳ್ಳಿಯ ಲವಣವನ್ನಂತೆ. ಬೆಳಕು ತಾಗಿದ ಕಡೆ ಅದು ಕಪ್ಪಾಗಿ ಚಿತ್ರ ಮೂಡುತ್ತದೆ. ಕಪ್ಪು ಬಿಳುಪು ಫೋಟೋದಲ್ಲಿ ಆ ಬೆಳ್ಳಿಯೇ ಉಳಿಯುತ್ತದೆ. ಕಲರ್ ಫಿಲಂ ತೊಳೆಯುವಾಗ ಬೆಳ್ಳಿ ಹೊರಟುಹೋಗಿ ಬಣ್ಣ ಮಾತ್ರ ನಿಲ್ಲುತ್ತದೆ, ಬಣ್ಣ ಕಾಲ ಕಳೆದಂತೆ ಮಾಸುತ್ತದೆ. ನಮ್ಮ ಉದ್ಘಾಟನೆ ಆಲ್ಬಂನ ಗತಿ ಹೀಗಾದದ್ದು ಯಾಕೆಂದು ಆಗ ತಿಳಿಯಿತು. ಬೆಳ್ಳಿ ಹಬ್ಬಕ್ಕೂ ಫೋಟೋಕ್ಕೂ ಇಷ್ಟು ನಂಟಿದೆ ಎಂದು ನಮಗೆ ಗೊತ್ತಿರಲಿಲ್ಲ.

ಮೈಸೂರಿನ ಸತ್ಯನ್

ನಮ್ಮ ಸೀಮೆಯಲ್ಲಿ ಫೋಟೋ ಹವ್ಯಾಸದ ಹುಡುಗ ಎಷ್ಟು ಎತ್ತರಕ್ಕೆ ಹೋಗಬಹುದೆಂದು ತೋರಿಸಿದವರು ಶ್ರೀ ಟಿ.ಎಸ್. ಸತ್ಯನ್ ಅವರು. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಬನುಮಯ್ಯ ಹೈಸ್ಕೂಲು, ಮಹಾರಾಜ ಕಾಲೇಜುಗಳಲ್ಲಿ ಓದಿದವರು. ಫೋಟೋ ಹುಚ್ಚು ವಿದ್ಯಾರ್ಥಿಯಾಗಿದ್ದಾಗಲೇ ಹಿಡಿಯಿತು. 1948ರಲ್ಲಿ ಡೆಕ್ಕನ್ ಹೆರಾಲ್ಡ್ ಪತ್ರಿಕೆ ಪ್ರಾರಂಭವಾದ ವರ್ಷವೇ ಅದಕ್ಕೆ ಸೇರಿದರು. ಆಮೇಲೆ ಮುಂಬಯಿಯ ಇಲಸ್ಟ್ರೇಟೆಡ್ ವೀಕ್ಲಿ, ಅದರ ನಂತರ ಸ್ವತಂತ್ರವಾಗಿ ದೇಶ ವಿದೇಶಗಳ ಪತ್ರಿಕೆಗಳಿಗೆ ಕೆಲಸ ಮಾಡಿದರು. ವಿಶ್ವಸಂಸ್ಥೆಯ ಯುನಿಸೆಫ್‌ಗಾಗಿ ಮಕ್ಕಳ ಫೋಟೋ ತೆಗೆಯುತ್ತಾ ಊರೂರು ಸುತ್ತಿದರು. 1977ರಲ್ಲಿ ಪದ್ಮಶ್ರೀ ಬಂತು. 1979 ಅಂತಾರಾಷ್ಟ್ರೀಯ ಮಕ್ಕಳ ವರ್ಷ. ಆ ಸಂದರ್ಭದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲೇ ಅವರ ಫೋಟೋಗಳ ಪ್ರದರ್ಶನ ನಡೆಯಿತು. 2009ರ ಡಿಸೆಂಬರಿನಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಇಷ್ಟು ದೊಡ್ಡವರಾದರೂ ಅವರ ಕ್ಯಾಮೆರಾ ಹೆಚ್ಚಾಗಿ ಹುಡುಕಿದ್ದು ಸಾಮಾನ್ಯ ಜನರನ್ನು. ಆಡುವ ಮಕ್ಕಳು, ದುಡಿಯುವ ಕೈಗಳು, ಬೀದಿಯ ದಿನನಿತ್ಯದ ಬದುಕು. ಬಡವರ ಫೋಟೋ ತೆಗೆದರೂ ಅವರನ್ನು ಕೀಳಾಗಿ ಕಾಣುವಂತೆ ತೆಗೆಯಲಿಲ್ಲ. ನಮ್ಮ ಮೇಷ್ಟ್ರು ಪತ್ರಿಕೆಗಳಲ್ಲಿ ಬಂದ ಸತ್ಯನ್ ಅವರ ಫೋಟೋಗಳನ್ನು ಕತ್ತರಿಸಿ ಇಟ್ಟುಕೊಂಡಿದ್ದರು. ಅವನ್ನು ನಮ್ಮ ಫೋಟೋ ಹುಡುಗನಿಗೆ ತೋರಿಸಿ, “ನೋಡೋ, ಗಣ್ಯರ ಫೋಟೋ ತೆಗೆಯೋಕೆ ನೂರು ಜನ ಇದ್ದಾರೆ, ನೀನು ಊರಿನೋರ್ದು ತೆಗಿ” ಎಂದಿದ್ದರಂತೆ. ಆ ಒಂದು ಮಾತು ನಮ್ಮ ಸಂಘವನ್ನು ಕಾಯಿತು.

ನಮ್ಮ ಹುಡುಗ

ಆಗ ಅವನು ಪಿ.ಯು.ಸಿ. ಓದುತ್ತಿದ್ದ. ಬೆಂಗಳೂರಿನಲ್ಲಿದ್ದ ಸೋದರಮಾವ ಬಳಸಿ ಬಿಟ್ಟ ಯಾಶಿಕಾ ಎಂ.ಎಫ್. ಟೂ ಕ್ಯಾಮೆರಾ ಅವನಿಗೆ ಸಿಕ್ಕಿತು. ಬೆಳಗ್ಗೆ ಎದ್ದು ಕೊಟ್ಟಿಗೆ ಸಗಣಿ ಬಾಚಿ, ಹುಲ್ಲು ಹಾಕಿ, ಬಸ್ಸು ಹಿಡಿದು ಕಾಲೇಜಿಗೆ ಹೋಗೋದು; ಸಂಜೆ ಬಂದು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಊರು ಸುತ್ತೋದು. ಕಬಡ್ಡಿ, ಕುರುಕ್ಷೇತ್ರ ನಾಟಕದ ತಾಲೀಮು, ಗಣಪತಿ ಮೆರವಣಿಗೆ, ರಾಗಿ ಒಕ್ಕಣೆ, ಸ್ಕೂಲಿನ ಬಾವುಟ ಎಲ್ಲಾ ಅವನಿಗೆ ಬೇಕು. ಒಂದು ರೋಲು, ಅದನ್ನು ತೊಳೆಸಿ ಪ್ರಿಂಟು ಹಾಕಿಸೋದು ಅಂದರೆ ಆಗಿನ ಕಾಲಕ್ಕೆ ದಿನಕ್ಕೆರಡು ಲೀಟರ್ ಹಾಲು ಹಾಕುವ ಮನೆಯ ಎರಡು ಮೂರು ವಾರದ ಬಟವಾಡೆ. ಆದ್ದರಿಂದ ಒಂದೊಂದು ಫೋಟೋಕ್ಕೂ ಹತ್ತು ಸಲ ಯೋಚನೆ. ತೆಗೆದ ಕೂಡಲೇ ಒಂದು ನೋಟ್ ಬುಕ್ಕಿನಲ್ಲಿ ನಂಬರು, ತಾರೀಖು, ಯಾರು, ಎಲ್ಲಿ ಎಂದು ಬರೆಯುತ್ತಿದ್ದ. ನಾವೆಲ್ಲಾ ಅದನ್ನು ನೋಡಿ ನಗುತ್ತಿದ್ದೆವು.

ಊರಿನಲ್ಲಿ ಬೈಗುಳವೂ ಬೇಕಾದಷ್ಟು ಸಿಕ್ಕಿತು. ಫೋಟೋ ತೆಗೆಸಿಕೊಂಡರೆ ಆಯಸ್ಸು ಕಮ್ಮಿಯಾಗುತ್ತೆ ಎಂದು ಹಿರಿಯರು ಮುಖ ತಿರುಗಿಸುತ್ತಿದ್ದರು. ಹಸುವಿನ ಫೋಟೋ ಅಂತೂ ಕೇಳುವ ಹಾಗೇ ಇರಲಿಲ್ಲ. ದೃಷ್ಟಿಯಾಗಿ ಕೆಚ್ಚಲು ಬತ್ತುತ್ತೆ ಎಂದು ಕೋಲು ಹಿಡಿದು ಬರುತ್ತಿದ್ದರು.

ಸಂಘ ಆಗ ರಾಮಮಂದಿರದ ಜಗಲಿಯಲ್ಲಿ ನಡೆಯುತ್ತಿತ್ತು. ಉದ್ಘಾಟನೆಯ ಮಾರನೆಯ ದಿನ, ಬೆಳಗಿನ ಜಾವ, ಮೊದಲ ಹಾಲು ಅಳೆಯುವಾಗ ಯಾವ ಗಣ್ಯರೂ ಇರಲಿಲ್ಲ, ಪಟ್ಟಣದ ಫೋಟೋಗ್ರಾಫರೂ ಇರಲಿಲ್ಲ. ಇದ್ದವನು ಈ ಹುಡುಗ ಒಬ್ಬನೇ. ಒಂದು ಇಡೀ ರೋಲು ಅಲ್ಲೇ ಮುಗಿಸಿದ.

ನಮ್ಮ ತಪ್ಪೊಪ್ಪಿಗೆ

ಇಲ್ಲಿ ನಾವು ಒಂದು ಮಾತನ್ನು ಬರೆಯಲೇಬೇಕು. ಮುಂದಿನ ವರ್ಷ ಸಂಘದ ಸ್ವಂತ ಕಟ್ಟಡಕ್ಕೆ ಇಡೀ ಊರು ಸೇರಿ ಶ್ರಮದಾನ ಮಾಡಿತು. ಕೋಲೂರಿಕೊಂಡು ಬಂದ ಮುದುಕರೂ ಒಂದೊಂದು ಬಾಂಡ್ಲಿ ಮಣ್ಣು ಹಾಕಿದರು. ಹುಡುಗ ದಿನವಿಡೀ ಓಡಾಡಿ ಫೋಟೋ ತೆಗೆದ. ಮಧ್ಯಾಹ್ನ ಅವನು ಕ್ಯಾಮೆರಾವನ್ನು ಕಲ್ಲಿನ ಮೇಲಿಟ್ಟು ಊಟಕ್ಕೆ ಕೂತಾಗ, ಒಳಗೆ ಏನಿದೆ ನೋಡೋಣ ಎಂದು ನಾವು ಹಿಂದಿನ ಬಾಗಿಲು ತೆಗೆದೆವು. ಕರ್ರಗಿನ ಫಿಲಂ ಕಂಡ ಕೂಡಲೇ ಹೆದರಿ ಮುಚ್ಚಿದೆವು. ಬಿಸಿಲು ಬಿದ್ದಾಗಿತ್ತು. ತೊಳೆಸಿದಾಗ ಅಲ್ಲಿಯವರೆಗೆ ತೆಗೆದದ್ದೆಲ್ಲಾ ಹಾಳಾಗಿತ್ತು. “ಇವನಿಗೆ ಫೋಟೋ ತೆಗೆಯೋಕೇ ಬರಲ್ಲ” ಎಂದು ಊರೆಲ್ಲಾ ಆಡಿಕೊಂಡಿತು. ನಾವೂ ಆ ಗುಂಪಿನಲ್ಲಿ ನಿಂತು ನಕ್ಕೆವು. ಬಾಯಿ ಬಿಡಲಿಲ್ಲ. ಅದಾದ ಮೇಲೆ ಅವನು ಕ್ಯಾಮೆರಾ ಹಿಡಿದದ್ದು ಕಮ್ಮಿಯಾಯಿತು. ಆ ದಿನ ಮಣ್ಣು ಹೊತ್ತ ಹಿರಿಯರಲ್ಲಿ ಬಹಳ ಜನ ಈಗಿಲ್ಲ. ಅವರು ದುಡಿದದ್ದಕ್ಕೆ ಫೋಟೋದ ಸಾಕ್ಷಿ ಇಲ್ಲದೆ ಹೋದದ್ದು ನಮ್ಮಿಂದ.

ಕಳೆದ ತಿಂಗಳು ಅವನ ಮನೆಗೆ ಹೋದಾಗ ಇದನ್ನು ಹೇಳಿಬಿಟ್ಟೆವು. ಅವನು ಟ್ರಂಕಿನಿಂದ ನೆಗೆಟಿವ್ ತೆಗೆಯುತ್ತಲೇ, “ಗೊತ್ತಿತ್ತು ಬಿಡೋ, ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ ನೀನು” ಎಂದ. ಇಪ್ಪತ್ತನಾಲ್ಕು ವರ್ಷ ತಿಳಿದೂ ಸುಮ್ಮನಿದ್ದ. ನಮಗೆ ತಲೆ ಎತ್ತಲಾಗಲಿಲ್ಲ.

ಫೋಟೋ ತೋರಿಸಿದ್ದು

ಮೊದಲ ದಿನದ ರೋಲಿನ ನೆಗೆಟಿವ್‌ಗಳಲ್ಲಿ ಕೆಲವು ತೇವ ಹಿಡಿದು ಅಂಟಿಕೊಂಡಿದ್ದವು. ಉಳಿದವನ್ನು ತಾಲ್ಲೂಕಿಗೆ ಒಯ್ದು ಕಂಪ್ಯೂಟರಿನಲ್ಲಿ ಸರಿಪಡಿಸಿ ದೊಡ್ಡದಾಗಿ ಪ್ರಿಂಟು ಹಾಕಿಸಿದೆವು. ನೋಡಿ ಬೆರಗಾದೆವು. ಲ್ಯಾಕ್ಟೋಮೀಟರು ಹಿಡಿದ ಅಂದಿನ ಕಾರ್ಯದರ್ಶಿಗಳು, ಲಾಟೀನು, ಸಾಲಾಗಿ ಇಟ್ಟ ಚೊಂಬು, ತಂಬಿಗೆ, ಕ್ಯಾನುಗಳು. ಆದರೆ ಸಾಲಿನಲ್ಲಿ ನಿಂತವರು? ಬಹುತೇಕ ಎಲ್ಲರೂ ಹೆಣ್ಣುಮಕ್ಕಳು! ಒಬ್ಬ ತಾಯಿ ದೃಷ್ಟಿಯಾದೀತೆಂದು ಸೆರಗಿನಿಂದ ಮುಚ್ಚಿರುವುದು ತನ್ನ ಮುಖವನ್ನಲ್ಲ, ಹಾಲಿನ ಚೊಂಬನ್ನು.

ಆಮೇಲೆ ಸದಸ್ಯರ ರಿಜಿಸ್ಟರು ತೆಗೆದು ನೋಡಿದೆವು. ಮೊದಲ ವರ್ಷದ ಪುಟಗಳಲ್ಲಿ ಗಂಡಸರ ಹೆಸರೇ ಹೆಸರು. ಹಾಲು ಕರೆದವರು, ಹುಲ್ಲು ಹೊತ್ತವರು, ಚಳಿಯಲ್ಲಿ ಸಾಲು ನಿಂತವರು ಇವರು. ಷೇರು, ಓಟು, ಬೋನಸ್ಸಿನ ಸಹಿ ನಮ್ಮದು. ಇದು ಎಲ್ಲರಿಗೂ ಗೊತ್ತಿದ್ದ ಸಂಗತಿಯೇ. ಆದರೂ ಫೋಟೋ ಎದುರಿಗೆ ಬರುವವರೆಗೆ ನಾವು ಯಾರೂ ಯೋಚಿಸಿರಲಿಲ್ಲ.

ಬೆಳ್ಳಿ ಹಬ್ಬದಲ್ಲಿ ಮೊದಲ ದಿನ ಹಾಲು ಹಾಕಿದ ತಾಯಂದಿರಿಗೆ ಸನ್ಮಾನ ಮಾಡಬೇಕು, ಈಗ ಹಾಲು ಹಾಕುತ್ತಿರುವ ಹೆಣ್ಣುಮಕ್ಕಳನ್ನು ಅವರ ಹೆಸರಿನಲ್ಲೇ ಸದಸ್ಯರನ್ನಾಗಿ ಮಾಡಿಕೊಳ್ಳಬೇಕು ಎಂದು ಸಭೆಯಲ್ಲಿ ವಿಷಯ ಮಂಡಿಸಿದೆವು. ವಿರೋಧ ಬಂತು. “ಷೇರು ದುಡ್ಡು ಕಟ್ಟಿದೋರು ನಾವು ತಾನೆ?” ಎಂದು ಹಿರಿಯ ಸದಸ್ಯರೊಬ್ಬರು ಜೋರಾಗಿಯೇ ಕೇಳಿದರು. ನಾವು ವಾದ ಮಾಡಲಿಲ್ಲ. ಫೋಟೋಗಳನ್ನು ಮೇಜಿನ ಮೇಲೆ ಹರಡಿದೆವು. ಒಬ್ಬೊಬ್ಬರಾಗಿ ಬಂದು ಬಗ್ಗಿ ನೋಡಿದರು. ಪ್ರಶ್ನೆ ಕೇಳಿದ ಹಿರಿಯರು ಕನ್ನಡಕ ಹಾಕಿಕೊಂಡು ಒಂದು ಫೋಟೋವನ್ನು ಬಹಳ ಹೊತ್ತು ಹಿಡಿದಿದ್ದರು. ಆಮೇಲೆ ಮೆಲ್ಲಗೆ, “ಇದು ನಮ್ಮವ್ವ ಕಣ್ರಯ್ಯಾ” ಎಂದರು. ಆ ತಾಯಿ ತೀರಿಹೋಗಿ ಎಷ್ಟೋ ವರ್ಷ. ಮತ್ತೆ ಯಾರೂ ಮಾತಾಡಲಿಲ್ಲ. ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು. ಆ ಫೋಟೋದ ಒಂದು ಪ್ರತಿಯನ್ನು ಅವರು ಕೇಳಿ ತೆಗೆದುಕೊಂಡು ಹೋದರು.

ಫೋಟೋದಲ್ಲಿರುವವರ ಗುರುತು ಹಿಡಿಯಲು ನೆರವಾದದ್ದು ನಾವು ನಕ್ಕ ಅದೇ ನೋಟ್ ಬುಕ್ಕು. ಅದಿಲ್ಲದಿದ್ದರೆ ಅರ್ಧ ಮುಖಗಳಿಗೆ ಹೆಸರೇ ಇರುತ್ತಿರಲಿಲ್ಲ.

ಸದಸ್ಯರಲ್ಲಿ ವಿನಂತಿ

1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಶ್ರೀ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಮೊದಲ ಸಹಕಾರಿ ಪತ್ತಿನ ಸಂಘಗಳಲ್ಲಿ ಒಂದನ್ನು ಕಟ್ಟಿದರು. ಅಂಥ ನಾಡಿನವರು ನಾವು. ನಮ್ಮ ಸಂಘ ಚಿಕ್ಕದಾದರೂ ಅದರ ಚರಿತ್ರೆಯನ್ನು ಕಾಪಾಡುವುದು ನಮ್ಮ ಕರ್ತವ್ಯ.

ಈಗ ಎಲ್ಲರ ಜೇಬಿನಲ್ಲೂ ಮೊಬೈಲ್ ಇದೆ, ದಿನಕ್ಕೆ ನೂರು ಫೋಟೋ ತೆಗೆಯುತ್ತೇವೆ. ಆದರೆ ಮೊಬೈಲ್ ನೀರಿಗೆ ಬಿದ್ದರೆ ಎಲ್ಲಾ ಹೋಯಿತು. ಉಳಿದರೂ ಯಾರು ಯಾವಾಗ ಎಂದು ಬರೆದಿಟ್ಟವರಿಲ್ಲ. ಆದ್ದರಿಂದ ಯುವಕ ಯುವತಿಯರಲ್ಲಿ ನಮ್ಮ ಕೋರಿಕೆ ಇಷ್ಟೆ: ವರ್ಷಕ್ಕೆ ಹತ್ತಾದರೂ ಊರಿನ ಫೋಟೋ ತೆಗೆದು, ಪ್ರಿಂಟು ಹಾಕಿಸಿ, ಹಿಂದೆ ಪೆನ್ಸಿಲಿನಲ್ಲಿ ಹೆಸರು ತಾರೀಖು ಬರೆದು ಸಂಘಕ್ಕೆ ಕೊಡಿ. ವೇದಿಕೆಯ ಕಡೆಗಲ್ಲ, ಸಾಲಿನ ಕಡೆಗೆ ಕ್ಯಾಮೆರಾ ತಿರುಗಿಸಿ. ಇಡಲು ಬೀರುವಿನಲ್ಲಿ ಒಂದು ಖಾನೆ ಬಿಡಿಸಿದ್ದೇವೆ.

ಶ್ರಮದಾನದ ದಿನ ಮಣ್ಣು ಹೊತ್ತ ಹಿರಿಯರ ಹೆಸರುಗಳನ್ನು ನೆನಪಿನಿಂದ ಬರೆಸಿ ಸಂಘದ ಗೋಡೆಗೆ ಹಾಕುವ ಕೆಲಸವನ್ನು ನಾವೇ ವಹಿಸಿಕೊಂಡಿದ್ದೇವೆ. ಗೊತ್ತಿದ್ದವರು ದಯಮಾಡಿ ಬಂದು ಹೇಳಿ. ಫೋಟೋಕ್ಕೆ ಅದು ಸಮವಲ್ಲ, ಬಲ್ಲೆವು. ಆದರೂ ಹೆಸರಾದರೂ ಉಳಿಯಲಿ.

ನಮ್ಮ ಫೋಟೋ ಹುಡುಗನಿಗೆ ಸಂಘದ ಪರವಾಗಿ ವಂದನೆಗಳು. ಬೆಳ್ಳಿ ಹಬ್ಬದ ದಿನ ಕ್ಯಾಮೆರಾ ಹಿಡಿಯಲು ಅವನು ಒಪ್ಪಿದ್ದಾನೆ. ಊಟದ ಹೊತ್ತಿನಲ್ಲಿ ಅದನ್ನು ಕಾಯುವ ಜವಾಬ್ದಾರಿ ನಮ್ಮದು.

ಜೈ ಸಹಕಾರ.