ನಾರಿನ ಗಾಂಜಾ: ಗಂಡುಗಿಡದ ಆಯ್ಕೆ

ನಾರಿಗಾಗಿ ಬೆಳೆಯುವ ಗಾಂಜಾ ತಳಿಗಳನ್ನು ಉತ್ತಮಪಡಿಸಲು, ಪರಾಗ ಕೊಡುವ ಗಿಡಗಳನ್ನು ಹೂಬಿಡುವ ಮೊದಲೇ ಪರೀಕ್ಷಿಸಿ ಆರಿಸುವ ಕ್ರಮ. ಕನ್ನಡನಾಡಿನ ಸೆಣಬು, ಪುಂಡಿ ಇವೆರಡೂ ನಾರಿನ ಗಿಡಗಳೇ ಆದರೂ ಗಾಂಜಾದ ಕುಲಕ್ಕೆ ಸೇರಿದವಲ್ಲ. ಭಾರತದಲ್ಲಿ ಅನುಮತಿಯಿಲ್ಲದೆ ಗಾಂಜಾ ಬೆಳೆಯುವುದು 1985ರ ಮಾದಕವಸ್ತು ಕಾಯ್ದೆಯಡಿ ಅಪರಾಧ. ನಾರು, ಬೀಜಕ್ಕಾಗಿ ಬೆಳೆಯಲು ಸರ್ಕಾರ ವಿಶೇಷ ಅನುಮತಿ ಕೊಡಲು ಅದರ 14ನೇ ಕಲಂನಲ್ಲಿ ಅವಕಾಶವಿದೆ.

ಈ ಸಸ್ಯದಲ್ಲಿ ಸಾಮಾನ್ಯವಾಗಿ ಗಂಡು, ಹೆಣ್ಣು ಬೇರೆ ಬೇರೆ ಗಿಡಗಳು. ಗಂಡುಗಿಡ ಬೇಗ ಹೂಬಿಟ್ಟು, ಪರಾಗ ಚೆಲ್ಲಿ ಒಣಗಿಹೋಗುತ್ತದೆ. ಹೆಣ್ಣುಗಿಡ ಬೀಜ ಬಲಿಯುವವರೆಗೂ ನಿಂತಿರುತ್ತದೆ. ಪರಾಗವನ್ನು ಒಯ್ಯುವುದು ಗಾಳಿ, ಅದೂ ಹಲವು ಕಿಲೋಮೀಟರ್ ದೂರಕ್ಕೆ. ಕೊಯ್ಲಿನಲ್ಲಿ ಒಳ್ಳೆಯ ಹೆಣ್ಣುಗಿಡ ನೋಡಿ ಬೀಜ ಎತ್ತಿಟ್ಟರೂ ಅದರ ತಂದೆ ಯಾವುದೆಂದು ತಿಳಿಯದು. ಸಸಿಯ ಅರ್ಧ ಗುಣ ಬರುವುದು ಆ ತಂದೆಯಿಂದಲೇ. ಹೆಣ್ಣನ್ನಷ್ಟೇ ಆರಿಸಿದರೆ ತಳಿ ಸುಧಾರಣೆ ಕುಂಟುವುದು ಇದರಿಂದ.

ಈ ತೊಡಕನ್ನು ಬಿಡಿಸಿದವರು ಜರ್ಮನಿಯ ಹ್ಯಾಂಬರ್ಗ್‌ನ ಸಸ್ಯವಿಜ್ಞಾನಿ ಗುಸ್ತಾಫ್ ಬ್ರೇಡೆಮಾನ್. ಉಪಾಯ ಸರಳ, ಕೆಲಸ ಮಾತ್ರ ಬಹಳ ನಾಜೂಕಿನದು. ಮೊಗ್ಗು ಬಿರಿಯುವ ಮುನ್ನ ಗಂಡುಗಿಡದ ಕಾಂಡವನ್ನು ಉದ್ದಕ್ಕೆ ಎರಡಾಗಿ ಸೀಳುತ್ತಾರೆ. ಒಂದು ಸೀಳನ್ನು ಕೊಯ್ದೊಯ್ದು ಅದರ ನಾರನ್ನು ಬಿಡಿಸಿ ತೂಗುತ್ತಾರೆ. ಇನ್ನೊಂದು ಸೀಳು ಬೇರಿಗೆ ಅಂಟಿಕೊಂಡೇ ಹೊಲದಲ್ಲಿ ಜೀವ ಹಿಡಿದಿರುತ್ತದೆ. ನಾರು ಕಡಿಮೆಯೆಂದು ಕಂಡ ಗಿಡಗಳನ್ನು ಪರಾಗ ಹಾರುವ ಮೊದಲೇ ಕಿತ್ತುಹಾಕಿ, ಉಳಿದ ಗಿಡಗಳನ್ನು ಆ ಅರ್ಧ ಕಾಂಡದ ಮೇಲೆಯೇ ಹೂಬಿಡಲು ಬಿಡುತ್ತಾರೆ. ತೂಕ ಮುಗಿಯುವುದಕ್ಕೆ ಮೊದಲೇ ಒಂದು ಗಿಡ ಅರಳಿದರೂ ಶ್ರಮವೆಲ್ಲ ಗಾಳಿಪಾಲು. ಹೆಣ್ಣುಗಿಡಗಳ ನಾರನ್ನು ಕೊಯ್ಲಿನ ಮೇಲೆ ಅಳೆದರೆ ಸಾಕು. ಹೀಗೆ ಸುಮಾರು 30 ವರ್ಷ ಆರಿಸುತ್ತ ಬಂದಾಗ ಕಾಂಡದಲ್ಲಿನ ನಾರಿನ ಪಾಲು ಹೆಚ್ಚುಕಡಿಮೆ ಮೂರು ಪಟ್ಟಾಯಿತು. ಸಸ್ಯ ಸಂವರ್ಧನೆಯಲ್ಲಿ ಇಷ್ಟು ಸಾಮಾನ್ಯ ಸಲಕರಣೆಯಿಂದ ಇಂಥ ಫಲ ದಕ್ಕಿದ್ದು ಅಪರೂಪ.

ಹಂಗೇರಿಯ ಕೊಂಪೋಲ್ಟ್ ಸಂಶೋಧನಾ ಕೇಂದ್ರದ ಇವಾನ್ ಬೋಚಾ ಈ ದಾರಿಯನ್ನು ಮುಂದುವರಿಸಿದರು. ಅಲ್ಲಿನ ಕೊಂಪೋಲ್ಟಿ ತಳಿ ನಾರಿನ ಪ್ರಮಾಣಕ್ಕೆ ಯುರೋಪಿನಲ್ಲಿ ಹೆಸರಾಗಿದೆ.

ಆದರೆ ತಕ್ಕಡಿಯೊಂದನ್ನೇ ನಂಬುವಂತಿಲ್ಲ. ಕಾಂಡದ ತೊಗಟೆಯಲ್ಲಿ ಉದ್ದನೆಯ ಪ್ರಾಥಮಿಕ ನಾರಿನ ಜೊತೆಗೆ, ಕಾಂಡ ದಪ್ಪವಾಗುತ್ತ ಹುಟ್ಟುವ ಗಿಡ್ಡನೆಯ ದ್ವಿತೀಯಕ ನಾರೂ ಇರುತ್ತದೆ. ತೂಕ ನೋಡಿ ಆರಿಸಿದಾಗ ಹೆಚ್ಚುವುದು ಬಹುಪಾಲು ಈ ಎರಡನೆಯದೇ. ನೂಲಿಗೆ ಅದು ಅಷ್ಟಾಗಿ ಒದಗುವುದಿಲ್ಲ. ನೇಯ್ಗೆಗೆ ಬೇಕಾದ ತಳಿಯಲ್ಲಿ ಗಂಡುಗಿಡದ ನಾರು ಎಷ್ಟಿದೆ ಎಂಬುದರ ಜೊತೆಗೆ ಎಂಥದ್ದು ಎಂಬುದನ್ನೂ ಪರೀಕ್ಷಿಸಬೇಕಾಗುತ್ತದೆ.